ಏಣಿಯಕ್ಕ ಕೈಕಟ್ಟಿ ಕೂತ ಐವತ್ತು ಸೆಕೆಂಡು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ತಾರಸಿಯ ಮೇಲಿನ ನೀರಿನ ಟ್ಯಾಂಕು, ಆ ಟ್ಯಾಂಕಿನ ನೆತ್ತಿಯಲ್ಲಿ ಒಬ್ಬ ಹೆಂಗಸು. ಹಳೇ ಬನಿಯನ್ ಬಟ್ಟೆಯಿಂದ ತಟ್ಟೆಯೊಂದನ್ನು ಒರೆಸುತ್ತಿದ್ದಾರೆ. ಊಟದ ತಟ್ಟೆಯಲ್ಲ, ಕಂಬಕ್ಕೆ ಬಿಗಿದಿರುವ ಮೊರದಗಲದ ಬಿಳಿ ಆಂಟೆನಾ. ರಾತ್ರಿ ಅದರ ಮೇಲೆ ತಂಗಿದ್ದ ಹಕ್ಕಿಗಳು ತಮ್ಮ ಗುರುತು ಬಿಟ್ಟು ಹೋಗಿವೆ. ಆಕೆ ಹಕ್ಕಿಗಳ ವಂಶವನ್ನೆಲ್ಲ ಮೆಲುದನಿಯಲ್ಲಿ ವಿಚಾರಿಸಿಕೊಳ್ಳುತ್ತಾ, ಸೊಂಟದ ಬೆಲ್ಟಿನ ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿಕೊಂಡು ಹಿನ್ನೀರಿನತ್ತ ನೋಡುತ್ತಾರೆ. ಆಕೆಯ ಬಗ್ಗೆ ಬರೆಯಲು ಬಂದಿರುವ ನಾನು ಏಣಿಯ ಏಳನೇ ಮೆಟ್ಟಿಲಲ್ಲಿ ನಿಂತಿದ್ದೇನೆ. ಒಟ್ಟು ಹದಿನಾಲ್ಕು ಮೆಟ್ಟಿಲು. ಉಳಿದ ಏಳನ್ನು ಹತ್ತುವ ಧೈರ್ಯ ಈ ಜನ್ಮದಲ್ಲಿ ನನಗೆ ಬರುವಂತೆ ಕಾಣುವುದಿಲ್ಲ.

"ಕೆಳಗೆ ನೋಡ್ಬೇಡಿ, ನನ್ನ ಮುಖ ನೋಡಿ. ಅದೇನೂ ಅಷ್ಟು ಭಯ ಆಗೋ ಥರ ಇಲ್ಲ" ಎನ್ನುತ್ತಾರೆ ಆಕೆ.

ಎದುರಿಗೆ ಐದು ಕಿಲೋಮೀಟರ್ ಅಗಲಕ್ಕೆ ನೀರು. ಅದರಾಚೆ ಗುಡ್ಡ. ಗುಡ್ಡದ ಸೊಂಟದಲ್ಲಿ ಒಂದಂತಸ್ತಿನ ಬಿಳಿ ಕಟ್ಟಡ, ಅದರ ತಾರಸಿಯಲ್ಲಿ ಇಂಥದೇ ಇನ್ನೊಂದು ತಟ್ಟೆ. ಈ ಎರಡು ತಟ್ಟೆಗಳು ಹಗಲೂ ರಾತ್ರಿ ಒಂದನ್ನೊಂದು ದಿಟ್ಟಿಸುತ್ತಿರಬೇಕು. ಕೂದಲೆಳೆಯಷ್ಟು ತಿರುಗಿದರೂ ಮಾತು ಗುಡ್ಡ ತಲುಪುವ ಬದಲು ಮೀನಿನ ದೋಣಿಗಳ ಪಾಲಾಗುತ್ತದೆ. ಅದರಲ್ಲೂ ಬೆಳಗಿನ ಜಾವ ಬಲು ತಂಟೆಯ ಹೊತ್ತು. ಗಾಳಿ ಇನ್ನೂ ಎದ್ದಿರುವುದಿಲ್ಲ, ನೀರು ಕನ್ನಡಿಯಂತೆ ಮಲಗಿರುತ್ತದೆ. ತಟ್ಟೆಯಿಂದ ಹೊರಟ ಅಲೆಗಳಲ್ಲಿ ಕೆಲವು ಆ ಕನ್ನಡಿಗೆ ಬಡಿದು ಪುಟಿದು ತಡವಾಗಿ ಆಚೆ ದಡ ಸೇರುತ್ತವೆ, ನೆಟ್ಟಗೆ ಬಂದವುಗಳಿಗೆ ಅಡ್ಡಗಾಲು ಹಾಕುತ್ತವೆ. ಆಕೆ ದಿನವೂ ಈ ಹೊತ್ತಿಗೇ ಏಣಿ ಹತ್ತುವುದು ಇದಕ್ಕಾಗಿ.

ಮೊಬೈಲ್ ಕಿವಿಗೂ ಭುಜಕ್ಕೂ ನಡುವೆ ಸೇರುತ್ತದೆ. ಗುಡ್ಡದ ಕಟ್ಟಡದಲ್ಲಿ ಒಬ್ಬರು ಗೋಡೆಯ ಡಬ್ಬಿಯಲ್ಲಿ ಮೂಡುವ ಅಂಕಿಯನ್ನು ಓದಿ ಹೇಳುತ್ತಾರೆ, ಇಲ್ಲಿ ಈಕೆ ಸ್ಪ್ಯಾನರಿನಿಂದ ತಟ್ಟೆಯನ್ನು ಚೂರೇ ಚೂರು ತಿರುಗಿಸುತ್ತಾರೆ. ಅಂಕಿ ಸಣ್ಣದಾದಷ್ಟೂ ಒಳ್ಳೆಯದಂತೆ. ಅರವತ್ತಾರು. ಅರವತ್ತನಾಲ್ಕು. ಮತ್ತೆ ಅರವತ್ತೈದು. ಈಕೆ ನಾಲಿಗೆ ಕಚ್ಚಿಕೊಂಡು ಸ್ಪ್ಯಾನರನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅರವತ್ತೊಂದು.

"ಸಾಕು ಬಿಡಕ್ಕ, ಜಾಸ್ತಿ ಆಸೆ ಪಡ್ಬೇಡ" ಎಂಬ ದನಿ ಏಳನೇ ಮೆಟ್ಟಿಲಿನವರೆಗೂ ಕೇಳಿಸುತ್ತದೆ.

ಇವತ್ತು ಪರೀಕ್ಷೆಯ ಇಪ್ಪತ್ತೇಳನೇ ದಿನ. ಇನ್ನು ಮೂರು ದಿನ ಈ ಕೊಂಡಿ ಕಡಿಯದೆ ನಿಂತರೆ ಗುಡ್ಡದ ಹೆರಿಗೆ ಮನೆ ಉಳಿಯುತ್ತದೆ. ಕಡಿದರೆ ಅದಕ್ಕೆ ಬೀಗ ಬೀಳುತ್ತದೆ.

ಆಸ್ಪತ್ರೆಯಲ್ಲಿ ಈಕೆಯ ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಏಣಿಯಕ್ಕ ಎಲ್ಲಿ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಅಧೀಕ್ಷಕರವರೆಗೆ ಎಲ್ಲರೂ ಬೆರಳು ಮೇಲಕ್ಕೆ ಎತ್ತುತ್ತಾರೆ. ವಯಸ್ಸು ಐವತ್ತನಾಲ್ಕು. ಗಿಡ್ಡ ಮೈಕಟ್ಟು. ಅಲ್ಯೂಮಿನಿಯಂ ಏಣಿಯನ್ನು ಹೆಗಲ ಮೇಲೆ ಹೊತ್ತು ಕಾರಿಡಾರಿನಲ್ಲಿ ಬರುವಾಗ ಜನ ತಾವಾಗಿಯೇ ಗೋಡೆಗೆ ಒರಗಿ ದಾರಿ ಬಿಡುತ್ತಾರೆ. ಆಸ್ಪತ್ರೆಯ ಕಂಪ್ಯೂಟರುಗಳ ನಡುವೆ ತಂತಿ ಎಳೆಯುವುದು, ಎರಡು ಕಟ್ಟಡಗಳ ಜಾಲವನ್ನು ಒಂದು ಮಾಡುವ ಬ್ರಿಡ್ಜುಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಬ್ರಿಡ್ಜು ಎಂದರೆ ಮನಸ್ಸಿಗೆ ಬರುವುದು ಕಲ್ಲು ಸಿಮೆಂಟಿನ ಸೇತುವೆ. ಇದು ಊಟದ ಡಬ್ಬಿಯಷ್ಟು ದೊಡ್ಡದು, ಮೈತುಂಬ ಮಿಣುಕುವ ಹಸಿರು ದೀಪಗಳು.

ಫೋನಿನಲ್ಲಿ ಮಾತಾಡಿದ ಗುಡ್ಡದ ದಾದಿ ಬೇರೆ ಯಾರೂ ಅಲ್ಲ, ಏಣಿಯಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಹಿಂದೆ ಇಬ್ಬರೂ ಒಂದೇ ಮನೆಯಲ್ಲಿ ಆರು ವರ್ಷ ಸಂಸಾರ ಮಾಡಿದವರು. ಆರು ವರ್ಷದಲ್ಲಿ ಮುಖ ಕೊಟ್ಟು ಮಾತಾಡಿದ್ದು ಬೆರಳೆಣಿಕೆಯಷ್ಟು. ಏನಿದ್ದರೂ ಗಂಡಂದಿರ ಮೂಲಕ, ಇಲ್ಲದಿದ್ದರೆ ಪಾತ್ರೆಗಳನ್ನು ಕುಕ್ಕುವ ಮೂಲಕ. ಈಗ ನಡುವೆ ಐದು ಕಿಲೋಮೀಟರ್ ನೀರು ಬಂದ ಮೇಲೆ ದಿನಕ್ಕೆರಡು ಸಲ ಮಾತಾಡದಿದ್ದರೆ ಇಬ್ಬರಿಗೂ ಅನ್ನ ಇಳಿಯುವುದಿಲ್ಲ. ಒಂದು ಗೋಡೆ ಅಡ್ಡ ಇದ್ದಾಗ ಆಗದ ಕೆಲಸ ಇಷ್ಟು ನೀರು ಅಡ್ಡ ಬಂದ ಮೇಲೆ ಆಯಿತು ನೋಡಿ ಎಂದು ಇಬ್ಬರೂ ನಗುತ್ತಾರೆ.

ಏಣಿಯಕ್ಕನ ಗಂಡ ಬಸ್ಸು ಓಡಿಸುತ್ತಾರೆ. ಅವರದು ಇದೇ ಹಿನ್ನೀರನ್ನು ಬಳಸಿ ಗುಡ್ಡಕ್ಕೆ ಹೋಗುವ ಮಾರ್ಗ. ನೀರಿನ ಒಂದೊಂದು ತೋಳನ್ನೂ ಸುತ್ತಿಕೊಂಡು ಹೋಗುವ ರಸ್ತೆ ಅದು, ನಲವತ್ತೆಂಟು ಕಿಲೋಮೀಟರ್, ತಿರುವುಗಳೇ ನೂರ ಹನ್ನೊಂದು. ತಾವು ಒಂದೂಮುಕ್ಕಾಲು ಗಂಟೆ ಹೆಣಗಾಡಿ ತಲುಪುವಷ್ಟರಲ್ಲಿ ಹೆಂಡತಿಯ ಮಾತು ಸಾವಿರ ಸಲ ಹೋಗಿ ಬಂದಿರುತ್ತದೆ, ಆದರೂ ಮನೆಯಲ್ಲಿ ಸುಸ್ತಾಯಿತು ಅನ್ನುವವಳು ಇವಳೇ ಎಂದು ಅವರ ಗೋಳು. ಆ ನೂರ ಹನ್ನೊಂದು ತಿರುವುಗಳ ಮೇಲೆ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸನ್ನು ಕೂರಿಸಿಕೊಂಡು ಹೋದದ್ದು ಅವರಿಗೆ ಮೂರು ಸಲ ಆಗಿದೆ. ಆ ಮಾತು ಬಂದಾಗ ಮಾತ್ರ ಅವರು ತಮಾಷೆ ನಿಲ್ಲಿಸುತ್ತಾರೆ.

ಏಣಿಯಕ್ಕ ಹುಟ್ಟಾ ಏಣಿಯವರಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಆಸ್ಪತ್ರೆಗೆ ಸೇರಿದ್ದು ಟೆಲಿಫೋನ್ ಆಪರೇಟರಾಗಿ. ಕಿವಿಗೆ ಹೆಡ್‌ಫೋನು, ಎದುರಿಗೆ ನೂರಾರು ತೂತುಗಳ ಬೋರ್ಡು, ಕೈಯಲ್ಲಿ ತಂತಿಗಳು. ಹತ್ತೊಂಬತ್ತು ವರ್ಷ ಅಲ್ಲೇ ಕೂತರು. ಯಾವ ತೂತಿನಲ್ಲಿ ಯಾರಿದ್ದಾರೆ, ಯಾರು ಎಷ್ಟು ಹೊತ್ತಿಗೆ ಚಹಾಕ್ಕೆ ಏಳುತ್ತಾರೆ, ಯಾವ ಡಾಕ್ಟರು ಫೋನೆತ್ತುವ ಮೊದಲು ಕೆಮ್ಮುತ್ತಾರೆ, ಎಲ್ಲ ಬಾಯಿಪಾಠ. ಒಂದು ದಿನ ಬೋರ್ಡನ್ನು ಬಿಚ್ಚಿ ಗುಜರಿಗೆ ಹಾಕಿದರು. ಆಕೆಯನ್ನು ಗುಜರಿಗೆ ಹಾಕಲು ಬರುವುದಿಲ್ಲವಲ್ಲ, ಬಟ್ಟೆ ಉಗ್ರಾಣಕ್ಕೆ ಹಾಕಿದರು. ದಿನವಿಡೀ ಹಾಸಿಗೆ ಹೊದಿಕೆ ಎಣಿಸುವ ಕೆಲಸ.

ಅದೇ ಹೊತ್ತಿಗೆ ಆಸ್ಪತ್ರೆಗೆ ಕಂಪ್ಯೂಟರು ಜಾಲ ಹಾಕಲು ಹೊರಗಿನಿಂದ ತಂಡ ಬಂತು. ಉಗ್ರಾಣದ ಮೂಲೆಯಲ್ಲಿ ಒಂದು ಡಬ್ಬಿ ಕೂರಿಸಿದರು. ಇದೇನಪ್ಪ ಮಾಡುತ್ತದೆ ಎಂದು ಆಕೆ ಕೇಳಿದ್ದಕ್ಕೆ, ಅದು ನಿಮಗೆ ಅರ್ಥ ಆಗಲ್ಲ ಬಿಡಿ ಅಮ್ಮ ಎಂದರಂತೆ. ಆ ಮಾತು ಚುಚ್ಚಿತು. ಡಬ್ಬಿಯ ಜೊತೆ ಬಂದಿದ್ದ ಪುಸ್ತಕವನ್ನು ಅವರು ಕಸದ ಬುಟ್ಟಿಗೆ ಎಸೆದು ಹೋಗಿದ್ದರು. ಏಣಿಯಕ್ಕ ಅದನ್ನು ಎತ್ತಿಕೊಂಡು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಮಡಿಸಿದ ಹೊದಿಕೆಗಳ ರಾಶಿಗೆ ಒರಗಿ ನಾಲ್ಕು ತಿಂಗಳು ಓದಿದರು. ಮುಗಿದ ದಿನ ಜೋರಾಗಿ ನಕ್ಕರಂತೆ.

"ಅಯ್ಯೋ, ಹತ್ತೊಂಬತ್ತು ವರ್ಷ ನಾನ್ ಮಾಡಿದ್ದೇ ಇದು ಮಾಡುತ್ತೆ ಅಷ್ಟೇ. ಯಾರು ಯಾವ ಕಡೆಯಿಂದ ಮಾತಾಡಿದ್ರು ಅಂತ ಕೇಳಿಸ್ಕೊಂಡು ನೆನಪಿಟ್ಕೊಳ್ಳುತ್ತೆ. ಈ ದಡದವರು ಈ ದಡದವರಿಗೇ ಏನಾದ್ರೂ ಹೇಳಿದ್ರೆ ತನಗ್ಯಾಕೆ ಅಂತ ಸುಮ್ನಿರುತ್ತೆ. ಆ ದಡದವರಿಗೆ ಹೇಳಿದ್ರೆ ಮಾತ್ರ ನೀರು ದಾಟಿಸುತ್ತೆ. ಎಲ್ಲಿದ್ದಾರೆ ಅಂತ ಗೊತ್ತಿಲ್ದೇ ಇದ್ರೆ ಎರಡೂ ಕಡೆ ಕೂಗಿ ಕೇಳುತ್ತೆ. ಐದು ನಿಮಿಷ ಯಾರಾದ್ರೂ ಬಾಯಿ ಬಿಡ್ದೇ ಇದ್ರೆ ಅವರನ್ನ ಮರ್ತೇ ಬಿಡುತ್ತೆ. ಅದೊಂದ್ರಲ್ಲಿ ನಮ್ಮ ಯಜಮಾನ್ರ ಥರ."

ಇಂಟರ್ನೆಟ್ಟು ಊರೆಲ್ಲ ಇರುವಾಗ ಇಷ್ಟೆಲ್ಲ ಯಾಕೆ ಎಂದು ನಾನೂ ಕೇಳಿದೆ. ಅದಕ್ಕೆ ಉತ್ತರ ಗುಡ್ಡದ ಹೆರಿಗೆ ಮನೆಯ ಒಂದು ಯಂತ್ರದಲ್ಲಿದೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತವನ್ನು ಗೆರೆಯಾಗಿ ತೋರಿಸುವ ಯಂತ್ರ ಅದು. ಹದಿನೇಳು ವರ್ಷ ಹಳೆಯದು, ಆದರೆ ಎದೆಬಡಿತ ಕೇಳುವುದರಲ್ಲಿ ಇವತ್ತಿಗೂ ಎತ್ತಿದ ಕೈ. ಸಂಕೋಚದ ಸ್ವಭಾವ, ತನ್ನ ಮನೆಯವರೊಂದಿಗೆ ಮಾತ್ರ ಮಾತಾಡುತ್ತದೆ. ತನ್ನದೇ ಜಾಲದಲ್ಲಿರುವ ಯಂತ್ರಗಳಿಗೆ ಗೆರೆ ಕಳಿಸುವುದು ಬಿಟ್ಟರೆ ಹೊರಗಿನ ವಿಳಾಸಕ್ಕೆ ಕಳಿಸುವ ವಿದ್ಯೆ ಅದಕ್ಕೆ ಯಾರೂ ಕಲಿಸಿಲ್ಲ. ಗುಡ್ಡದಲ್ಲಿ ದಾದಿಯರಿದ್ದಾರೆ, ಹೆರಿಗೆ ತಜ್ಞೆ ಇಲ್ಲ. ತಜ್ಞೆ ಇರುವುದು ಈ ದಡದ ದೊಡ್ಡಾಸ್ಪತ್ರೆಯಲ್ಲಿ. ಹಾಗಾಗಿ ಏಣಿಯಕ್ಕ ಎರಡು ದಡದ ಜಾಲಗಳನ್ನು ಬ್ರಿಡ್ಜು ಹಾಕಿ ಒಂದೇ ಮನೆ ಮಾಡಿಬಿಟ್ಟಿದ್ದಾರೆ. ಯಂತ್ರ ಮನೆಯವರಿಗೆಂದು ಕಳಿಸಿದ ಗೆರೆ ನೀರು ದಾಟಿ ತಜ್ಞೆಯ ಪರದೆಯಲ್ಲಿ ಮೂಡುತ್ತದೆ. ಅದೇ ದಾರಿಯಲ್ಲಿ ತಜ್ಞೆಯ ದನಿ ಹೆರಿಗೆ ಕೋಣೆಯ ಗೋಡೆಯ ಸ್ಪೀಕರಿನಲ್ಲಿ ಕೇಳಿಸುತ್ತದೆ.

ಈ ಏರ್ಪಾಡು ನೂರಕ್ಕೆ ನೂರು ನಂಬಿಕೆಗೆ ಅರ್ಹವೇ ಎಂಬುದು ಅಧೀಕ್ಷಕರ ಪ್ರಶ್ನೆ. ಕೆಟ್ಟ ಪ್ರಶ್ನೆಯೇನೂ ಅಲ್ಲ. ಗೆರೆ ನಿಂತ ಹೊತ್ತಿನಲ್ಲೇ ಮಗುವಿಗೆ ತೊಂದರೆಯಾದರೆ ಜವಾಬು ಕೊಡಬೇಕಾದವರು ಅವರು. ಅದಕ್ಕೇ ಪರೀಕ್ಷೆ ಇಟ್ಟರು. ಮೂವತ್ತು ದಿನ, ಒಂದು ಸಲವೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಗೆರೆ ನಿಲ್ಲಬಾರದು. ನಿಂತರೆ ಹೆರಿಗೆಗಳನ್ನೆಲ್ಲ ದೊಡ್ಡಾಸ್ಪತ್ರೆಗೆ ತರುವುದು, ಗುಡ್ಡದ ಮನೆ ಮುಚ್ಚುವುದು. ಅಲ್ಲಿ ಈಗ ಹೆಸರು ಬರೆಸಿರುವ ಗರ್ಭಿಣಿಯರು ಹದಿಮೂರು ಜನ.

ನಾಲ್ಕು ತಿಂಗಳ ಹಿಂದಿನ ಮೊದಲ ಪರೀಕ್ಷೆ ಹನ್ನೊಂದನೇ ದಿನಕ್ಕೇ ಮಕಾಡೆ ಮಲಗಿತು. ಮಲಗಿಸಿದ್ದು ಏಣಿಯಕ್ಕನ ಅತಿಯಾದ ಪ್ರೀತಿ. ಈ ಕಥೆಯನ್ನು ಆಕೆ ಹೇಳುವಾಗ ಮುಖ ಕೆಂಪಾಗುತ್ತದೆ, ನಗುವೂ ತಡೆಯುವುದಿಲ್ಲ.

ಟೆಲಿಫೋನ್ ಕಾಲದಲ್ಲಿ ಹಿನ್ನೀರಿನ ತಳದಲ್ಲಿ ಒಂದು ತಂತಿ ಹಾಸಿದ್ದರು. ಬೋರ್ಡು ಗುಜರಿಗೆ ಹೋದರೂ ತಂತಿಯ ತುದಿ ಎಕ್ಸ್‌ಚೇಂಜು ಕೋಣೆಯ ಗೋಡೆಯಲ್ಲಿ ಹಾಗೇ ಇತ್ತು. ಅದು ಜೀವಂತವಾಗಿದೆ ಎಂದು ಗೊತ್ತಿದ್ದದ್ದು ಏಣಿಯಕ್ಕನಿಗೆ ಮಾತ್ರ. ಆಕೆ ಅದರ ಎರಡು ತುದಿಗೂ ಹಳೇ ಬ್ರಿಡ್ಜು ಜೋಡಿಸಿ ಆಪತ್ಕಾಲಕ್ಕೆಂದು ಇಟ್ಟುಕೊಂಡರು. ಗಾಳಿಯ ದಾರಿ ಕೈಕೊಟ್ಟರೆ ನೀರಡಿಯ ದಾರಿ. ಹನ್ನೊಂದನೇ ದಿನ ಬೆಳಿಗ್ಗೆ ಗಾಳಿಯ ದಾರಿ ಸ್ವಲ್ಪ ತೂಕಡಿಸಿತು. ಏಣಿಯಕ್ಕ ಹಿಂದೆ ಮುಂದೆ ನೋಡದೆ ಓಡಿಬಂದು ತಂತಿಯ ಬ್ರಿಡ್ಜನ್ನೂ ಚುಚ್ಚಿದರು. ಅಷ್ಟರಲ್ಲಿ ಗಾಳಿಯ ದಾರಿ ಕಣ್ಣುಬಿಟ್ಟು ಎದ್ದು ಕೂತಿತು. ಈಗ ಎರಡು ದಾರಿಯೂ ತೆರೆದಿವೆ.

ಆಮೇಲೆ ಆದದ್ದು ಇಷ್ಟು. ಯಾವುದೋ ಕಂಪ್ಯೂಟರು, ಪ್ರಿಂಟರು ಎಲ್ಲಿದೆ ಎಂದು ಎಲ್ಲರನ್ನೂ ಉದ್ದೇಶಿಸಿ ಒಂದು ಕೂಗು ಹಾಕಿತು. ಗಾಳಿಯ ಬ್ರಿಡ್ಜು ಆ ಕೂಗನ್ನು ಗುಡ್ಡಕ್ಕೆ ದಾಟಿಸಿತು. ಗುಡ್ಡದಲ್ಲಿದ್ದ ತಂತಿಯ ಬ್ರಿಡ್ಜು ಇದ್ಯಾವುದೋ ಹೊಸ ಕೂಗು ಎಂದುಕೊಂಡು ಈ ದಡಕ್ಕೆ ವಾಪಸು ತಂದಿತು. ಗಾಳಿಯ ಬ್ರಿಡ್ಜು ಮತ್ತೆ ಗುಡ್ಡಕ್ಕೆ. ಒಂದೊಂದು ಸುತ್ತಿಗೂ ಕೂಗಿನ ಜೊತೆ ಹೊಸ ಕೂಗುಗಳು ಸೇರುತ್ತಾ ಹೋದವು. ತಪ್ಪು ಯಾರದೂ ಅಲ್ಲ, ಇಬ್ಬರೂ ನಿಯತ್ತಾಗಿ ತಂತಮ್ಮ ಕೆಲಸ ಮಾಡುತ್ತಿದ್ದರು. ಒಂದು ನಿಮಿಷದೊಳಗೆ ಎರಡು ದಡದ ಜಾಲವೂ ಕೂಗಿನಿಂದ ಕಿಕ್ಕಿರಿದು, ನಿಜವಾದ ಮಾತಿಗೆ ಜಾಗವೇ ಇಲ್ಲದಂತಾಯಿತು. ಔಷಧದ ಕಿಟಕಿ, ಪ್ರಯೋಗಾಲಯ, ಹೊರರೋಗಿಗಳ ಚೀಟಿ, ಎಲ್ಲ ಸ್ತಬ್ಧ.

"ದೀಪಗಳೆಲ್ಲ ಒಂದೇ ಸಮ ಮಿಣಮಿಣ ಅಂತಿದ್ವು. ನಾನು ಎಂಥಾ ಪೆದ್ದಿ ನೋಡಿ, ಅಬ್ಬಾ ಎಷ್ಟು ಜೋರಾಗಿ ಕೆಲಸ ನಡೀತಿದೆ ಅಂತ ಸೊಂಟದ ಮೇಲೆ ಕೈ ಇಟ್ಕೊಂಡು ಖುಷಿಯಾಗಿ ನೋಡ್ತಾ ನಿಂತಿದ್ದೆ. ಆಸ್ಪತ್ರೆಯೆಲ್ಲ ಬಾಯಿ ಬಡ್ಕೊಳ್ತಿದೆ, ನನಗೆ ದೀಪ ನೋಡೋ ಸಂಭ್ರಮ."

ತಪ್ಪು ಹೊಳೆದು ಆಕೆ ತಂತಿ ಕೀಳುವಷ್ಟರಲ್ಲಿ ನಲವತ್ತೊಂದು ನಿಮಿಷ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಗುಡ್ಡದಲ್ಲಿ ಹೆರಿಗೆ ಇರಲಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ. ಡಬ್ಬಿ ಕೆಟ್ಟಿತ್ತು ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ನಂಬದವರು ಯಾರೂ ಇರಲಿಲ್ಲ. ಏಣಿಯಕ್ಕ ನೇರ ಅಧೀಕ್ಷಕರ ಕೋಣೆಗೆ ಹೋಗಿ, ಡಬ್ಬಿಗಳದು ತಪ್ಪಿಲ್ಲ, ಚುಚ್ಚಿದ್ದು ನಾನೇ ಎಂದರು. ಅಧೀಕ್ಷಕರು ಬೈದರು. ಚೆನ್ನಾಗಿಯೇ ಬೈದರು. ಕೊನೆಗೆ ತಜ್ಞೆಯೂ ಬಂದು ಹೇಳಿದ ಮೇಲೆ ಇನ್ನೊಂದೇ ಒಂದು ಅವಕಾಶ ಎಂದು ಬರೆದು ಸಹಿ ಹಾಕಿದರು.

ಏಣಿಯಕ್ಕ ಮತ್ತೆ ಪುಸ್ತಕ ಬಿಚ್ಚಿದರು. ಎರಡು ದಾರಿ ಇಟ್ಟುಕೊಳ್ಳಬಹುದು, ಆದರೆ ಒಂದು ನಡೆಯುವಾಗ ಇನ್ನೊಂದು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಹಾಗೆ ಸುಮ್ಮನಿರಲು ಬಲ್ಲ ಡಬ್ಬಿಗಳು ಬೇರೊಂದು ವಿಭಾಗದ ಅಟ್ಟದಲ್ಲಿ ದೂಳು ತಿನ್ನುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಎಚ್ಚರಾಗುವ ಹೊಸ ತಳಿಯವಲ್ಲ, ಹಳೇ ಕಾಲದ ನಿಧಾನಸ್ಥರು. ಇವರ ಪದ್ಧತಿ ಹೀಗೆ: ನಡೆಯುತ್ತಿರುವ ದಾರಿಯಿಂದ ಎರಡು ಸೆಕೆಂಡಿಗೊಮ್ಮೆ 'ನಾನಿದ್ದೀನಿ' ಎಂಬ ಸುದ್ದಿ ಬರುತ್ತಿರುತ್ತದೆ. ಅದು ಇಪ್ಪತ್ತು ಸೆಕೆಂಡು ಬರದಿದ್ದರೆ ಮಲಗಿರುವ ದಾರಿ ಏಳುತ್ತದೆ. ಎದ್ದ ಕೂಡಲೇ ಬಾಯಿ ಬಿಡುವುದಿಲ್ಲ. ಹದಿನೈದು ಸೆಕೆಂಡು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡುತ್ತದೆ, ಇನ್ನೊಂದು ಹದಿನೈದು ಸೆಕೆಂಡು ಯಾರು ಯಾವ ಕಡೆಯಿದ್ದಾರೆ ಎಂದು ತಿಳಿದುಕೊಳ್ಳುತ್ತದೆ. ಆಮೇಲೆ ಬಾಗಿಲು ತೆರೆಯುತ್ತದೆ. ಒಟ್ಟು ಐವತ್ತು ಸೆಕೆಂಡು. ಅಧೀಕ್ಷಕರು ಕೊಟ್ಟಿರುವುದು ಅರವತ್ತು. ನಡುವೆ ಗಾಬರಿಬಿದ್ದು ಯಾರಾದರೂ ಒಂದು ತಂತಿ ಕಿತ್ತು ಚುಚ್ಚಿದರೆ ಎಣಿಕೆ ಮೊದಲಿನಿಂದ ಶುರುವಾಗುವ ಸಂಭವ ಇದೆ. ಆ ಯಾರಾದರೂ ಯಾರು ಎಂಬುದು ಏಣಿಯಕ್ಕನಿಗೆ ಚೆನ್ನಾಗಿ ಗೊತ್ತು.

ಆಕೆಯ ದಿನಚರಿಯ ಲೆಕ್ಕ ಕೇಳಿದರೆ ನಮ್ಮ ಕಾಲು ನೋಯುತ್ತದೆ. ದಿನಕ್ಕೆ ಕನಿಷ್ಠ ಒಂಬತ್ತು ಸಲ ಏಣಿ ಹತ್ತಿ ಇಳಿಯುತ್ತಾರೆ. ಐದು ಮಹಡಿಗಳಲ್ಲಿ ಇನ್ನೂರ ಎಂಬತ್ತು ಕಂಪ್ಯೂಟರುಗಳು. ಅವುಗಳಲ್ಲಿ ದಿನವೂ ಹತ್ತಾದರೂ ಮೌನವ್ರತ ಹಿಡಿಯುತ್ತವೆ, ಹತ್ತರಲ್ಲಿ ಆರು ಸಲ ಯಾರೋ ಕಾಲಿನಿಂದ ತಂತಿ ಒದ್ದಿರುತ್ತಾರೆ. ಆಕೆ ಏಣಿಯಿಂದ ಎರಡು ಸಲ ಬಿದ್ದಿದ್ದಾರೆ, ಎಡ ಮಣಿಕಟ್ಟು ಮಳೆ ಬರುವ ಮುಂಚೆ ಸುದ್ದಿ ಕೊಡುತ್ತದೆ. ತಿಂಗಳಿಗೊಮ್ಮೆ ಗಂಡನ ಬಸ್ಸಿನಲ್ಲೇ, ಏಣಿಯನ್ನು ಟಾಪಿಗೆ ಕಟ್ಟಿ, ಗುಡ್ಡಕ್ಕೆ ಹೋಗಿ ಅಲ್ಲಿಯ ತಟ್ಟೆ ಒರೆಸಿ ಬರುತ್ತಾರೆ. ಗಂಡ ಏಣಿಗೂ ಟಿಕೆಟ್ ಕೇಳುತ್ತಾರಂತೆ.

ಇಷ್ಟು ಕಥೆ ಕೇಳುವಷ್ಟರಲ್ಲಿ ಹತ್ತು ಗಂಟೆ ದಾಟಿದೆ. ನಾವಿಬ್ಬರೂ ಹಳೇ ಎಕ್ಸ್‌ಚೇಂಜು ಕೋಣೆಯಲ್ಲಿ ಚಹಾ ಹಿಡಿದು ಕೂತಿದ್ದೇವೆ. ಗೋಡೆಯ ಕಪಾಟಿನಲ್ಲಿ ಬ್ರಿಡ್ಜುಗಳು, ಪಕ್ಕದಲ್ಲಿ ತಾರಸಿಯ ತಟ್ಟೆಗೆ ವಿದ್ಯುತ್ ಕಳಿಸುವ ಅಂಗೈಯಗಲದ ಕಪ್ಪು ಡಬ್ಬಿ. ಗೋಡೆಯಾಚೆ ತಜ್ಞೆಯ ಕೋಣೆ. ಗುಡ್ಡದಲ್ಲಿ ಒಬ್ಬಾಕೆಗೆ ಬೆಳಗಿನಿಂದ ನೋವು ಬಂದಿದೆ, ಚೊಚ್ಚಲು. ಚೆನ್ನಾಗಿದೆ ಕಣಮ್ಮ, ಈಗ ನಿಧಾನಕ್ಕೆ ಉಸಿರು ಬಿಡು ಎಂದು ತಜ್ಞೆ ಮೈಕಿನಲ್ಲಿ ಹೇಳುತ್ತಿರುವುದು ನಮಗೂ ಕೇಳಿಸುತ್ತಿದೆ.

ಆಗ ಕಪ್ಪು ಡಬ್ಬಿ ಟಪ್ ಎಂದಿತು. ಸುಟ್ಟ ವಾಸನೆ ಬಂತು. ಗಾಳಿಯ ದಾರಿಯ ದೀಪ ಆರಿತು.

"ಗೆರೆ ನಿಂತಿತು" ಎಂದು ಗೋಡೆಯಾಚೆಯಿಂದ ತಜ್ಞೆ ಕೂಗಿ ಹೇಳಿದರು.

ಏಣಿಯಕ್ಕನ ಬಲಗೈ ಆಗಲೇ ಕಪಾಟಿನ ಅರ್ಧ ದಾರಿಯಲ್ಲಿತ್ತು. ಹೊಸ ಡಬ್ಬಿ ಮೇಜಿನ ಖಾನೆಯಲ್ಲೇ ಇದೆ, ಕಿತ್ತು ಚುಚ್ಚುವುದು ಎಷ್ಟರ ಕೆಲಸ. ಆದರೆ ತಟ್ಟೆಗಳು ಮತ್ತೆ ಕಣ್ಣು ಬಿಟ್ಟು ಒಂದನ್ನೊಂದು ಗುರುತಿಸಲು ಮೂರು ನಿಮಿಷ ಬೇಕು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆ ಕೈ ಗಾಳಿಯಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಏಣಿಯಕ್ಕ ಅದನ್ನು ಹಿಂದಕ್ಕೆ ಎಳೆದುಕೊಂಡರು. ಕುರ್ಚಿಯಲ್ಲಿ ಕೂತರು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ಬಿಗಿಯಾಗಿ ಕಟ್ಟಿಕೊಂಡರು. ಆಮೇಲೆ ಆಪರೇಟರಿನ ಆ ಹಳೇ ದನಿಯಲ್ಲಿ, ಏರಿಳಿತವಿಲ್ಲದೆ, ಎಣಿಸಲು ಶುರು ಮಾಡಿದರು.

ಇಪ್ಪತ್ತಾಯಿತು, ಮಲಗಿದ್ದ ದಾರಿ ಈಗ ಏಳಬೇಕು. ಮೂವತ್ತಾಯಿತು. ಕಾರಿಡಾರಿನಲ್ಲಿ ಯಾರೋ ನಗುತ್ತಾ ಹೋದರು, ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಮೂವತ್ತೈದು. ಹದಿಮೂರು ಜನ ಗರ್ಭಿಣಿಯರು ಆ ನೂರ ಹನ್ನೊಂದು ತಿರುವುಗಳಲ್ಲಿ ಹೋಗುವುದು ಕಣ್ಣಿಗೆ ಕಟ್ಟಿತು. ನಲವತ್ತು. ಏಣಿಯಕ್ಕನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದಿದೆ, ಒರೆಸಿಕೊಳ್ಳಲೂ ಆಕೆ ಕೈ ಬಿಚ್ಚುತ್ತಿಲ್ಲ. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ಏನೂ ಇಲ್ಲ. ಐವತ್ತೊಂದು. ದೇವರೇ ಎಂದೆ, ನಾನು ಅಷ್ಟೇನೂ ದೇವರನ್ನು ಕರೆಯುವವನಲ್ಲ. ಐವತ್ತೆರಡು.

"ಬಂತು" ಎಂದರು ತಜ್ಞೆ. "ಗೆರೆ ಬಂತು. ಮಗು ಚೆನ್ನಾಗಿದೆ." ಮರುಕ್ಷಣವೇ ಮೈಕಿಗೆ ತಿರುಗಿ, ಹಾಂ, ಉಸಿರು ಬಿಡು ಅಂದಿದ್ದೆನಲ್ಲ, ಬಿಟ್ಟೆಯಾ ಎಂದು ಕೇಳಿದರು.

ಏಣಿಯಕ್ಕ ಕುಣಿಯಲಿಲ್ಲ, ಕೂಗಲಿಲ್ಲ. ಕಟ್ಟಿದ ಕೈಗಳನ್ನು ನಿಧಾನವಾಗಿ ಬಿಚ್ಚಿ, ಜೇಬಿನಿಂದ ಬಟ್ಟೆ ತೆಗೆದು ಮುಖವನ್ನೆಲ್ಲ ಚೆನ್ನಾಗಿ ಒರೆಸಿಕೊಂಡರು. ಒರೆಸಿಕೊಂಡ ಮೇಲೆ ಅದು ಬೆಳಿಗ್ಗೆ ಹಕ್ಕಿಯ ಹಿಕ್ಕೆ ಒರೆಸಿದ ಬನಿಯನ್ ಬಟ್ಟೆ ಎಂದು ಇಬ್ಬರಿಗೂ ಗೊತ್ತಾಯಿತು. ನಾವು ನಕ್ಕ ನಗುವಿಗೆ ತಜ್ಞೆ ಗೋಡೆ ಗುದ್ದಿ ಸುಮ್ಮನಿರಿ ಎನ್ನಬೇಕಾಯಿತು. ಅಷ್ಟು ಹಗುರಾಗಿ ನಾನು ನಕ್ಕು ಎಷ್ಟೋ ವರ್ಷವಾಗಿತ್ತು.

ಹೊಸ ಡಬ್ಬಿಯನ್ನು ಆಕೆ ಆಗಲೂ ಜೋಡಿಸಲಿಲ್ಲ. ಗಾಳಿಯ ದಾರಿ ಮತ್ತೆ ಎದ್ದರೆ ತಂತಿಯ ದಾರಿ ಬಾಯಿ ಮುಚ್ಚಬೇಕು, ಆ ಕೈಬದಲಾವಣೆಯಲ್ಲಿ ಮತ್ತೆ ಅರ್ಧ ನಿಮಿಷ ಗೆರೆ ನಿಲ್ಲುತ್ತದೆ. ಹೆರಿಗೆ ಮುಗಿಯಲಿ ಎಂದು ಕಾದರು. ತಂತಿಯ ದಾರಿ ಕಿರಿದು, ದೊಡ್ಡ ಚಿತ್ರಗಳನ್ನು ಹೊರಲಾರದು. ಒಂದು ಗೆರೆ, ಒಂದು ದನಿ, ಅಷ್ಟಕ್ಕೆ ಧಾರಾಳ. ಗಂಡನಿಗೂ ಫೋನು ಮಾಡಲಿಲ್ಲ. ಸುಮ್ಮನೆ ಗೋಡೆಗೆ ಕಿವಿ ಕೊಟ್ಟು ಕೂತರು.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಗೋಡೆಯಾಚೆಯಿಂದ ಒಂದು ಅಳು ಕೇಳಿಸಿತು. ಐದು ಕಿಲೋಮೀಟರ್ ನೀರಿನ ತಳದಲ್ಲಿ, ಹಳೇ ಟೆಲಿಫೋನ್ ತಂತಿಯಲ್ಲಿ ಹಾದು ಬಂದ ಅಳು. ಸಣ್ಣದು, ಸಿಟ್ಟಿನದು. ಹತ್ತೊಂಬತ್ತು ವರ್ಷ ಆ ತಂತಿಗೆ ಎಷ್ಟೋ ದನಿಗಳನ್ನು ಸೇರಿಸಿಕೊಟ್ಟ ಏಣಿಯಕ್ಕ ಈ ದನಿಗೆ ಮಾತ್ರ ಕಣ್ಣು ತುಂಬಿಕೊಂಡರು. ನನ್ನದೂ ತುಂಬಿತು, ಅದನ್ನು ಬಚ್ಚಿಟ್ಟು ಏನಾಗಬೇಕಿದೆ.

ಮೂವತ್ತನೇ ದಿನ ಸಂಜೆ ನಾನು ಮತ್ತೆ ಹೋದೆ. ಅಧೀಕ್ಷಕರ ಆದೇಶ ಸೂಚನಾ ಫಲಕದಲ್ಲಿತ್ತು. ಸದರಿ ಅವಧಿಯಲ್ಲಿ ನಿಗದಿತ ಮಿತಿಯನ್ನು ಮೀರಿದ ಯಾವುದೇ ವ್ಯತ್ಯಯ ಕಂಡುಬಂದಿರುವುದಿಲ್ಲವಾದ್ದರಿಂದ ಗುಡ್ಡದ ಹೆರಿಗೆ ಘಟಕವನ್ನು ಯಥಾಸ್ಥಿತಿ ಮುಂದುವರಿಸತಕ್ಕದ್ದು. ಏಣಿಯಕ್ಕನ ಪ್ರಸ್ತಾಪ ಎಲ್ಲೂ ಇಲ್ಲ. ನನಗೆ ಮೈ ಉರಿಯಿತು. ಆಕೆಗೆ ಅದರ ಗೊಡವೆಯೇ ಇರಲಿಲ್ಲ. ಆ ಉದ್ದದ ವಾಕ್ಯವನ್ನು ಎರಡು ಸಲ ಓದಿಕೊಂಡು, ಮುಂದುವರಿಸತಕ್ಕದ್ದು ಎಂಬಲ್ಲಿ ಬೆರಳಿಟ್ಟು, ಇಷ್ಟೇ ತಾನೆ ಬೇಕಾಗಿದ್ದದ್ದು ಎಂದರು. ಬಸ್ಸಿನ ಪಾಳಿ ಮುಗಿಸಿ ಬಂದಿದ್ದ ಗಂಡ ಪಕ್ಕದಲ್ಲಿ ನಿಂತು, ಫಲಕದ ಗಾಜನ್ನು ಸುಮ್ಮಸುಮ್ಮನೆ ಅಂಗಿಯ ತೋಳಿನಿಂದ ಒರೆಸುತ್ತಿದ್ದರು.

ಅಷ್ಟರಲ್ಲಿ ಓರಗಿತ್ತಿಯ ಫೋನು ಬಂತು. ಏಣಿಯಕ್ಕ ಕೇಳುತ್ತಾ ಕೇಳುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಫೋನಿಟ್ಟ ಮೇಲೆ ವಿಷಯ ಹೇಳಿದರು. ಅವತ್ತು ಹೆತ್ತಾಕೆ ಇವತ್ತು ಮಗುವನ್ನೆತ್ತಿಕೊಂಡು ಮನೆಗೆ ಹೊರಟಳಂತೆ. ಹೊರಡುವ ಮುನ್ನ, ಅಷ್ಟು ಹೊತ್ತು ಜೊತೆಗಿದ್ದು ಧೈರ್ಯ ಹೇಳಿದ ಡಾಕ್ಟರಿಗೆ ಮಗು ತೋರಿಸಿ ಬರುತ್ತೇನೆ ಎಂದು, ಸ್ಪೀಕರು ಇದ್ದ ಗೋಡೆಯ ಆಚೆಗಿನ ಕೋಣೆಗೆ ಹೋಗಿ ಬಾಗಿಲು ತಟ್ಟಿದಳಂತೆ. ಅದು ಬಕೆಟ್ಟು ಪೊರಕೆ ಇಡುವ ಕೋಣೆ. ಎಷ್ಟು ಹೊತ್ತು ತಟ್ಟಿದರೂ ಯಾರೂ ತೆಗೆಯದಿದ್ದಾಗ, ಪಾಪ ಡಾಕ್ಟರು ಕೆಲಸದಲ್ಲಿರಬೇಕು ಎಂದು ಬಾಗಿಲಿಗೇ ಕೈಮುಗಿದಳಂತೆ. ನಿಜ ಹೇಳಿಬಿಡಲೇ ಎಂದು ಓರಗಿತ್ತಿ ಕೇಳಿದ್ದಾರೆ.

ಏನು ಹೇಳಿದಿರಿ ಎಂದು ಕೇಳಿದೆ.

"ಹೇಳ್ಬೇಡ ಬಿಡು ಅಂದೆ" ಎಂದರು ಏಣಿಯಕ್ಕ. "ಡಾಕ್ಟ್ರು ಪಕ್ಕದ ರೂಮಲ್ಲೇ ಇದ್ರು ಅಂದ್ಕೊಂಡೇ ಮನೆಗೆ ಹೋಗ್ಲಿ. ನನ್ನ ಕೆಲಸ ಅಂದ್ರೆ ಅದೇ ತಾನೆ?"